ಹೊರಗೋಡೆಯ ಮೇಲೆ ಒಳಮನೆಯ ಸುದ್ದಿ: ವೈರಸ್ ಸೋಂಕು ಟಿ ಕೋಶಕ್ಕೆ ತಿಳಿಯುವ ಬಗೆ

ಇನ್‌ಫ್ಲುಯೆಂಜಾ ವೈರಸ್ ಶ್ವಾಸನಾಳದ ಒಳಪದರದ ಕೋಶವೊಂದನ್ನು ಹೊಕ್ಕಿತೆಂದರೆ, ರಕ್ತದಲ್ಲಿ ಎಷ್ಟೇ ಪ್ರತಿಕಾಯಗಳಿದ್ದರೂ ಅವುಗಳ ಕೈ ಅಲ್ಲಿಗೆ ತಲುಪುವುದಿಲ್ಲ. ಹೊರಗೆ ತೇಲಾಡುವ ವೈರಸ್ಸನ್ನು ಹಿಡಿಯುವುದು ಪ್ರತಿಕಾಯದ ಕೆಲಸವೇ ಹೊರತು ಕೋಶಪೊರೆಯನ್ನು ದಾಟಿ ಒಳಗೆ ಬೆನ್ನಟ್ಟುವುದಲ್ಲ. ಒಳಸೇರಿದ ವೈರಸ್ ತನ್ನ ಕವಚವನ್ನು ಕಳಚಿ, ಜೀನ್‌ಗಳನ್ನು ಕೋಶಕೇಂದ್ರಕ್ಕೆ ರವಾನಿಸಿ, ಆ ಕೋಶದ್ದೇ ಸಲಕರಣೆಗಳಿಂದ ತನ್ನ ಪ್ರೋಟೀನ್‌ಗಳನ್ನು ಮಾಡಿಸಿಕೊಳ್ಳಲು ತೊಡಗುತ್ತದೆ. ಹಾಗಿದ್ದೂ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳು ಸೋಂಕು ತಗುಲಿದ ಕೋಶವನ್ನೇ ಆರಿಸಿ ಕೊಲ್ಲುತ್ತವೆ, ಅದಕ್ಕೆ ಅಂಟಿಕೊಂಡೇ ಇರುವ ಆರೋಗ್ಯವಂತ ಕೋಶವನ್ನು ಮುಟ್ಟದೆ ಬಿಡುತ್ತವೆ. ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿರುವುದು ಹೊರಗಿರುವ ಟಿ ಕೋಶಕ್ಕೆ ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ, ರೋಗನಿರೋಧಕ ಕೋಶಗಳು ವೈರಸ್ಸನ್ನು ಗುರುತಿಸಿ, ತುಂಡರಿಸಿ, ಆ ತುಂಡನ್ನು ಟಿ ಕೋಶಕ್ಕೆ ತೋರಿಸುತ್ತವೆ ಎಂಬುದು. ಇದು ಅರ್ಧ ಮಾತ್ರ ನಿಜ, ಮತ್ತು ಬಿಟ್ಟುಹೋದ ಅರ್ಧವೇ ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದು. ಮೊದಲನೆಯದಾಗಿ, ತೋರಿಸುವ ಕೆಲಸ ರೋಗನಿರೋಧಕ ಕೋಶಗಳಿಗಷ್ಟೇ ಸೀಮಿತವಲ್ಲ. ದೇಹದಲ್ಲಿ ಕೋಶಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳೂ ಅದನ್ನು ಮಾಡುತ್ತವೆ. ಎರಡನೆಯದಾಗಿ, ತೋರಿಸುವ ಕೋಶಕ್ಕೆ ತಾನು ತೋರಿಸುತ್ತಿರುವುದು ವೈರಸ್‌ನದೋ ತನ್ನದೋ ಎಂಬುದು ಗೊತ್ತಿರುವುದಿಲ್ಲ. ಅದು ತನ್ನೊಳಗೆ ಒಡೆದುಹೋದ ಪ್ರೋಟೀನ್‌ಗಳ ಚೂರುಗಳಲ್ಲಿ ಒಂದಿಷ್ಟನ್ನು ಸೋಂಕು ಇದ್ದರೂ ಇಲ್ಲದಿದ್ದರೂ ಹಗಲಿರುಳು ಹೊರಗೋಡೆಗೆ ಅಂಟಿಸುತ್ತಲೇ ಇರುತ್ತದೆ. ಚೂರು ಯಾರದೆಂದು ತೀರ್ಮಾನಿಸುವ ಹೊಣೆ ಪೂರ್ತಿಯಾಗಿ ಓದುವವನದು, ಅಂದರೆ ಟಿ ಕೋಶದ್ದು.

ಪ್ರತಿಕಾಯ ಮತ್ತು ಟಿ ಕೋಶಗಳ ನೋಟದಲ್ಲಿರುವ ವ್ಯತ್ಯಾಸವನ್ನು ಮೊದಲು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಪ್ರತಿಕಾಯವು ಪ್ರೋಟೀನ್‌ನ ಹೊರಮೈಯ ಉಬ್ಬುತಗ್ಗುಗಳನ್ನು, ಅದು ಮಡಿಚಿಕೊಂಡಿರುವ ಆಕಾರದಲ್ಲೇ ಗುರುತಿಸುತ್ತದೆ. ಟಿ ಕೋಶದ ಗ್ರಾಹಕಕ್ಕೆ ಇಡೀ ಪ್ರೋಟೀನ್ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಎಂಟು ಹತ್ತು, ಹೆಚ್ಚೆಂದರೆ ಇಪ್ಪತ್ತೈದು ಅಮೈನೋ ಆಮ್ಲಗಳಷ್ಟು (ಪ್ರೋಟೀನ್ ಸರಪಳಿಯ ಕೊಂಡಿಗಳಷ್ಟು) ಉದ್ದದ ಒಂದು ಚೂರು, ಅಂದರೆ ಪೆಪ್ಟೈಡ್. ಅದೂ ಎಂಎಚ್‌ಸಿ ಎಂಬ ಅಣುವಿನ ಹಿಡಿಯಲ್ಲಿ ಕೂತಿದ್ದರೆ ಮಾತ್ರ. (ಚೂರಿನ ಹಂಗಿಲ್ಲದ ಬೇರೆ ಬಗೆಯ ಟಿ ಕೋಶಗಳೂ ಕೆಲವುಂಟು, ಇಲ್ಲಿ ಹೇಳುತ್ತಿರುವುದು ಬಹುಸಂಖ್ಯಾತ ಆಲ್ಫಾ-ಬೀಟಾ ಟಿ ಕೋಶಗಳ ಬಗ್ಗೆ.)

ಈ ತಿಳಿವಳಿಕೆ ಒಂದೇ ಏಟಿಗೆ ಬಂದದ್ದಲ್ಲ. 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಇಲಿಗಳ ಮಿದುಳುಪೊರೆಗೆ ಉರಿಯೂತ ತರುವ ವೈರಸ್ಸೊಂದರ ಮೇಲೆ ಕೆಲಸ ಮಾಡುತ್ತಿದ್ದರು. ಸೋಂಕಿತ ಇಲಿಯಿಂದ ತೆಗೆದ ಟಿ ಕೋಶಗಳು ಅದೇ ತಳಿಯ ಇಲಿಯ ಸೋಂಕಿತ ಕೋಶಗಳನ್ನು ಕೊಂದವು. ಅದೇ ವೈರಸ್ ತಗುಲಿದ ಬೇರೆ ತಳಿಯ ಇಲಿಯ ಕೋಶಗಳನ್ನು ಮಾತ್ರ ಕೊಲ್ಲಲಿಲ್ಲ. ವೈರಸ್ ಒಂದೇ, ಟಿ ಕೋಶಗಳೂ ಅವೇ, ಆದರೂ ಫಲಿತಾಂಶ ಬೇರೆ. ಟಿ ಕೋಶವು ವೈರಸ್ಸನ್ನು ಒಂಟಿಯಾಗಿ ನೋಡದೆ, ಆ ಇಲಿಯ ಸ್ವಂತ ಎಂಎಚ್‌ಸಿ ಅಣುವಿನ ಜೊತೆಜೊತೆಯಾಗಿ ನೋಡುತ್ತದೆ ಎಂಬುದು ಇದರಿಂದ ಹೊರಟ ತೀರ್ಮಾನ. 1974ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅಲ್ಲಿಯವರೆಗೆ ಎಂಎಚ್‌ಸಿಯನ್ನು ಜನ ಬಲ್ಲದ್ದು ಕಸಿ ಮಾಡಿದ ಅಂಗಾಂಶವನ್ನು ದೇಹ ತಿರಸ್ಕರಿಸುವುದಕ್ಕೆ ಕಾರಣವಾಗುವ ಅಣುವೆಂದು. ಅಂಗಾಂಶ ಹೊಂದಾಣಿಕೆ ಎಂಬ ಅರ್ಥದ ಅದರ ಹೆಸರೂ ಅಲ್ಲಿಂದಲೇ ಬಂದದ್ದು. ಆದರೆ ಅಂಗಾಂಗ ಕಸಿ ಎಂಬುದು ನಿಸರ್ಗದಲ್ಲಿಲ್ಲದ ಸಂಗತಿ. ಅಣುವಿನ ನಿಜವಾದ ಉದ್ಯೋಗ ಏನೆಂಬುದಕ್ಕೆ ಈ ಪ್ರಯೋಗ ದಾರಿ ತೋರಿಸಿತು.

ಆದರೂ ಒಂದು ತೊಡಕು ಉಳಿದಿತ್ತು. ಇನ್‌ಫ್ಲುಯೆಂಜಾ ಸೋಂಕಿನಲ್ಲಿ ಎಷ್ಟೋ ಟಿ ಕೋಶಗಳು ವೈರಸ್‌ನ ನ್ಯೂಕ್ಲಿಯೋಪ್ರೋಟೀನ್ ಎಂಬ ಒಳಪ್ರೋಟೀನ್‌ನ ಮೇಲೆ ಕಣ್ಣಿಟ್ಟಿದ್ದವು. ಈ ಪ್ರೋಟೀನ್ ಕೋಶದ ಹೊರಮೈಗೆ ಬರುವಂಥದ್ದಲ್ಲ. ಹೊರಗಿರುವ ಟಿ ಕೋಶಕ್ಕೆ ಒಳಗಿರುವ ಪ್ರೋಟೀನ್ ಕಂಡದ್ದು ಹೇಗೆ? 1980ರ ದಶಕದ ಮಧ್ಯದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಲೆನ್ ಟೌನ್‌ಸೆಂಡ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ತಯಾರಿಸಿದ ಆ ಪ್ರೋಟೀನ್‌ನ ಚಿಕ್ಕ ಪೆಪ್ಟೈಡ್ ತುಣುಕನ್ನು ಸೋಂಕೇ ಇಲ್ಲದ ಕೋಶಗಳ ಮೇಲೆ ಹಾಕಿದರು. ಟಿ ಕೋಶಗಳು ಆ ಕೋಶಗಳನ್ನು ಸೋಂಕಿತವೆಂದೇ ತಿಳಿದು ಕೊಂದವು. ಬೇಕಿದ್ದದ್ದು ಇಡೀ ಪ್ರೋಟೀನ್ ಅಲ್ಲ, ಅದರ ಒಂದು ಚೂರು ಎಂಬುದು ಅಲ್ಲಿಗೆ ಖಚಿತವಾಯಿತು. ಮರುವರ್ಷ, 1987ರಲ್ಲಿ, ಪಮೆಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮತ್ತು ಜ್ಯಾಕ್ ಸ್ಟ್ರೋಮಿಂಗರ್ ಅವರ ತಂಡ ಮನುಷ್ಯರ ಎಂಎಚ್‌ಸಿ ಅಣುಗಳಲ್ಲೊಂದಾದ ಎಚ್‌ಎಲ್‌ಎ-ಎ2ರ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿದಾಗ, ಅಣುವಿನ ನೆತ್ತಿಯ ಮೇಲೆ ಒಂದು ಕಾಲುವೆಯಂಥ ತಗ್ಗು ಕಂಡಿತು. ಸಮತಟ್ಟಾದ ನೆಲ, ಎರಡೂ ಬದಿಗೆ ಹುರಿಯಂತೆ ಸುತ್ತಿಕೊಂಡ ದಂಡೆಗಳು. ಆ ತಗ್ಗು ಖಾಲಿಯಾಗಿರಲಿಲ್ಲ. ಅಣುವಿನ ಭಾಗವಲ್ಲದ ಏನೋ ಒಂದು ಅದರೊಳಗೆ ಮಸುಕಾಗಿ ಕೂತಿತ್ತು. ಅವು ಕೋಶ ತಾನೇ ತುಂಬಿ ಕಳುಹಿಸಿದ್ದ ಪೆಪ್ಟೈಡ್‌ಗಳು.

ಆ ತಗ್ಗಿಗೆ ಚೂರು ಬಂದು ಸೇರುವ ದಾರಿಯನ್ನು ಒಂದೇ ಒಂದು ಪೆಪ್ಟೈಡಿನ ಬೆನ್ನು ಹತ್ತಿ ನೋಡುವುದು ಒಳ್ಳೆಯದು. ಇನ್‌ಫ್ಲುಯೆಂಜಾ ಎ ವೈರಸ್‌ನಲ್ಲಿ ಎಂ1 ಎಂಬ ಪ್ರೋಟೀನ್ ಇದೆ. ಉದ್ದ 252 ಅಮೈನೋ ಆಮ್ಲಗಳು. ವೈರಸ್‌ನ ಹೊರಪೊರೆಗೆ ಒಳಗಿನಿಂದ ಅಸ್ತರಿಯಂತೆ ಅಂಟಿಕೊಂಡಿರುತ್ತದೆ. ಅದರ 58ರಿಂದ 66ನೆಯ ಸ್ಥಾನದವರೆಗಿನ ಒಂಬತ್ತು ಅಮೈನೋ ಆಮ್ಲಗಳು ಹೀಗಿವೆ: ಗ್ಲೈಸೀನ್, ಐಸೊಲ್ಯೂಸೀನ್, ಲ್ಯೂಸೀನ್, ಗ್ಲೈಸೀನ್, ಫಿನೈಲ್‌ಅಲನೀನ್, ವ್ಯಾಲೀನ್, ಫಿನೈಲ್‌ಅಲನೀನ್, ಥ್ರಿಯೊನೀನ್, ಲ್ಯೂಸೀನ್. ಎಚ್‌ಎಲ್‌ಎ-ಎ2 ಇರುವ ಜನರಲ್ಲಿ ಫ್ಲೂ ವಿರುದ್ಧದ ಟಿ ಕೋಶಗಳು ಬಹುವಾಗಿ ನೆಚ್ಚಿಕೊಂಡಿರುವುದು ಈ ಒಂಬತ್ತನ್ನೇ.

ಸೋಂಕಿತ ಕೋಶದ ರೈಬೋಸೋಮ್‌ಗಳು ಎಂ1 ಪ್ರೋಟೀನನ್ನು ಕೋಶರಸದಲ್ಲಿ ಹೆಣೆಯುತ್ತವೆ. ಹೆಣೆದದ್ದೆಲ್ಲ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ. ಕೆಟ್ಟದ್ದನ್ನೂ ಹಳತಾದದ್ದನ್ನೂ ವಿಲೇವಾರಿ ಮಾಡುವ ಏರ್ಪಾಡು ಪ್ರತಿ ಕೋಶದಲ್ಲೂ ಇದೆ. ವಿಲೇವಾರಿಯಾಗಬೇಕಾದ ಪ್ರೋಟೀನ್‌ಗೆ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್‌ನ ಸರಪಳಿಯನ್ನು ಗುರುತುಚೀಟಿಯಂತೆ ಕಟ್ಟಲಾಗುತ್ತದೆ. ಗುರುತು ಬಿದ್ದ ಪ್ರೋಟೀನ್ ಪ್ರೋಟಿಯೇಸೋಮ್ ಎಂಬ ಪೀಪಾಯಿಯಾಕಾರದ ಯಂತ್ರದ ಬಾಯಿಗೆ ಬೀಳುತ್ತದೆ. ಏಳೇಳು ಬಿಲ್ಲೆಗಳ ನಾಲ್ಕು ಉಂಗುರಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಈ ಯಂತ್ರದಲ್ಲಿ ಕತ್ತರಿಸುವ ಅಲಗುಗಳಿರುವುದು ಒಳಮೈಯಲ್ಲಿ. ಇದು ಅನಿವಾರ್ಯವೂ ಹೌದು, ಅಲಗು ಹೊರಗಿದ್ದಿದ್ದರೆ ಕೋಶದ ಒಳ್ಳೆಯ ಪ್ರೋಟೀನ್‌ಗಳೂ ಉಳಿಯುತ್ತಿರಲಿಲ್ಲ. ಪೀಪಾಯಿಯ ಮುಚ್ಚಳದ ಭಾಗ ಪ್ರೋಟೀನ್‌ನ ಮಡಿಕೆಗಳನ್ನು ಬಿಡಿಸಿ ಎಳೆಯಾಗಿ ಒಳಗೆ ತೂರಿಸುತ್ತದೆ, ಇನ್ನೊಂದು ತುದಿಯಿಂದ ಚೂರುಗಳು ಹೊರಬೀಳುತ್ತವೆ.

ಹಾಗೆ ಹೊರಬಿದ್ದ ಚೂರುಗಳ ಆಯುಸ್ಸು ಬಹಳ ಕಡಿಮೆ. ಕೋಶರಸದ ಕಿಣ್ವಗಳು ಅವುಗಳಲ್ಲಿ ಬಹುಪಾಲನ್ನು ಸೆಕೆಂಡುಗಳಲ್ಲಿ ಬಿಡಿ ಅಮೈನೋ ಆಮ್ಲಗಳಾಗಿ ಒಡೆದು ಮರುಬಳಕೆಗೆ ಒಪ್ಪಿಸುತ್ತವೆ. ಟಿ ಕೋಶದ ಕಣ್ಣಿಗೆ ಬೀಳುವುದು ಈ ನಾಶದಿಂದ ಹೇಗೋ ಪಾರಾದ ಅಲ್ಪಪಾಲು. ಪಾರಾಗುವ ದಾರಿಯ ಹೆಸರು ಟ್ಯಾಪ್; ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಗಳ ಜಾಲದ ಗೋಡೆಯಲ್ಲಿರುವ, ಎರಡು ಅರ್ಧಗಳು ಕೂಡಿ ಆದ ಒಂದು ಪಂಪು. ಕೋಶದ ಇಂಧನವಾದ ಎಟಿಪಿಯ ಶಕ್ತಿಯನ್ನು ಖರ್ಚು ಮಾಡಿ ಅದು ಎಂಟರಿಂದ ಹದಿನಾರು ಅಮೈನೋ ಆಮ್ಲಗಳಷ್ಟು ಉದ್ದದ ಚೂರುಗಳನ್ನು ಆದ್ಯತೆಯಿಂದ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ, ಪಂಪಿನ ಬಾಯಿಗೇ ಆತುಕೊಂಡು, ಇನ್ನೂ ಪೆಪ್ಟೈಡ್ ಸಿಗದ ಎಂಎಚ್‌ಸಿ ಅಣು ಕಾದಿರುತ್ತದೆ. ಟಪಾಸಿನ್, ಕ್ಯಾಲ್‌ರೆಟಿಕ್ಯುಲಿನ್, ಇಆರ್‌ಪಿ57 ಎಂಬ ಸಹಾಯಕ ಪ್ರೋಟೀನ್‌ಗಳು ಅದು ಬಿದ್ದುಹೋಗದಂತೆ ಹಿಡಿದಿರುತ್ತವೆ. ಬಂದ ಚೂರು ಉದ್ದವಾಗಿದ್ದರೆ ಇರಾಪ್1 ಎಂಬ ಕಿಣ್ವ ಅದರ ಮುಂತುದಿಯನ್ನು ಒಂದೊಂದೇ ಅಮೈನೋ ಆಮ್ಲದಂತೆ ಸವರುತ್ತದೆ. ಹಿಂತುದಿಯನ್ನು ಮಾತ್ರ ಇಲ್ಲಿ ಯಾರೂ ತಿದ್ದುವುದಿಲ್ಲ. ಅದು ಪ್ರೋಟಿಯೇಸೋಮ್ ಕತ್ತರಿಸಿದಾಗಲೇ ತೀರ್ಮಾನವಾಗಿರಬೇಕು. ಸೋಂಕಿನ ವೇಳೆ ಹರಿದಾಡುವ ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶವಾಹಕದ ಪ್ರಭಾವದಿಂದ ಕೋಶವು ಪ್ರೋಟಿಯೇಸೋಮ್‌ನ ಅಲಗುಗಳನ್ನೇ ಬದಲಿಸಿಕೊಂಡು, ಎಂಎಚ್‌ಸಿಗೆ ಒಪ್ಪುವ ಹಿಂತುದಿಗಳು ಹೆಚ್ಚು ಬರುವಂತೆ ನೋಡಿಕೊಳ್ಳುತ್ತದೆ.

ಎಚ್‌ಎಲ್‌ಎ-ಎ2ರ ತಗ್ಗಿನ ಎರಡೂ ಕೊನೆಗಳು ಮುಚ್ಚಿಕೊಂಡಿವೆ, ಹಾಗಾಗಿ ಹೆಚ್ಚುಕಡಿಮೆ ಒಂಬತ್ತು ಅಮೈನೋ ಆಮ್ಲಗಳಿಗಷ್ಟೇ ಅದರಲ್ಲಿ ಜಾಗ. ನಮ್ಮ ಎಂ1 ಪೆಪ್ಟೈಡಿನ ಎರಡನೆಯ ಐಸೊಲ್ಯೂಸೀನ್ ಮತ್ತು ಒಂಬತ್ತನೆಯ ಲ್ಯೂಸೀನ್ ತಗ್ಗಿನ ನೆಲದಲ್ಲಿರುವ ಎರಡು ಗುಳಿಗಳಲ್ಲಿ ಗೂಟ ಹೊಡೆದಂತೆ ಕೂರುತ್ತವೆ. ಈ ಗೂಟಗಳು ಹೊಂದಿಕೊಂಡರೆ ಸಾಕು, ನಡುವಿನ ಅಮೈನೋ ಆಮ್ಲಗಳು ಏನೇ ಆಗಿದ್ದರೂ ಎಂಎಚ್‌ಸಿಗೆ ಅಷ್ಟಾಗಿ ಆಕ್ಷೇಪವಿಲ್ಲ; ಒಂದೇ ಬಗೆಯ ಎಂಎಚ್‌ಸಿ ಸಾವಿರಾರು ಬೇರೆಬೇರೆ ಪೆಪ್ಟೈಡ್‌ಗಳನ್ನು ಹಿಡಿಯಬಲ್ಲದ್ದು ಇದರಿಂದಲೇ. ಪೆಪ್ಟೈಡ್ ಗಟ್ಟಿಯಾಗಿ ಕೂತ ಮೇಲೆ ಸಹಾಯಕರು ಕೈಬಿಡುತ್ತಾರೆ, ಎಂಎಚ್‌ಸಿ ಕೋಶದ ಹೊರಮೈಗೆ ಹೊರಡುತ್ತದೆ. ಖಾಲಿ ಎಂಎಚ್‌ಸಿಗೆ ಹೊರಡಲು ಅಪ್ಪಣೆ ಇಲ್ಲ, ಹೇಗೋ ಹೊರಟರೂ ಅದು ಹೆಚ್ಚು ಹೊತ್ತು ಬಾಳುವುದಿಲ್ಲ. ಖಾಲಿ ಅಣು ಹೊರಗೆ ನಿಂತಿದ್ದರೆ ಎಲ್ಲಿಂದಲೋ ತೇಲಿಬಂದ ಪೆಪ್ಟೈಡನ್ನು ಎತ್ತಿಕೊಂಡು ನಿರಪರಾಧಿ ಕೋಶವೇ ಸೋಂಕಿತವೆಂದು ಸಾರಿಬಿಡುವ ಅಪಾಯವಿತ್ತು. ಟೌನ್‌ಸೆಂಡ್ ಅವರ ಪ್ರಯೋಗದಲ್ಲಿ ಬೇಕೆಂದೇ ಮಾಡಿಸಿದ್ದು ಹೆಚ್ಚುಕಡಿಮೆ ಅದನ್ನೇ.

ಹೊರಮೈಯಲ್ಲಿ ಟಿ ಕೋಶಕ್ಕೆ ಕಾಣುವ ದೃಶ್ಯ ತೀರ ಸಪ್ಪೆ. ಈ ಎಂ1 ಪೆಪ್ಟೈಡಿನ ನಡುವಿನ ಫಿನೈಲ್‌ಅಲನೀನ್ ಮೇಲಕ್ಕೆ ಚಾಚಿಕೊಳ್ಳದೆ ಪಕ್ಕಕ್ಕೆ ವಾಲಿ ಮಲಗಿಬಿಡುವುದರಿಂದ, ಎಂಎಚ್‌ಸಿ ಮತ್ತು ಪೆಪ್ಟೈಡ್ ಕೂಡಿದ ಮೇಲ್ಮೈ ಬಹುತೇಕ ಚಪ್ಪಟೆ. ಇದನ್ನು ಗುರುತಿಸುವ ಟಿ ಕೋಶ ಗ್ರಾಹಕಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಲಕ್ಷಣವೆಂದರೆ, ಗ್ರಾಹಕದ ಎರಡು ಸರಪಳಿಗಳಲ್ಲೊಂದಾದ ಬೀಟಾ ಸರಪಳಿಯ ಆರ್ಜಿನೀನ್ ಎಂಬ ಅಮೈನೋ ಆಮ್ಲವೊಂದು ಪೆಪ್ಟೈಡಿಗೂ ದಂಡೆಗೂ ನಡುವೆ ಉಳಿದ ಸಣ್ಣ ಕಚ್ಚಿನೊಳಗೆ ಬೆರಳಿಟ್ಟಂತೆ ಇಳಿಯುವುದು. ಪರಸ್ಪರ ಸಂಬಂಧವಿಲ್ಲದ ಎಷ್ಟೋ ಜನರ ದೇಹಗಳು ಸ್ವತಂತ್ರವಾಗಿ ಇದೇ ಉಪಾಯಕ್ಕೆ ಬಂದು ತಲುಪಿವೆ. ಪ್ರತಿಕಾಯದ ಬಿಗಿಹಿಡಿತಕ್ಕೆ ಹೋಲಿಸಿದರೆ ಟಿ ಕೋಶದ್ದು ತುಂಬ ಸಡಿಲವಾದ ಹಿಡಿತ, ಕೆಲವೇ ಸೆಕೆಂಡುಗಳಷ್ಟು ನಿಲ್ಲುವಂಥದ್ದು. ಆದರೆ ಸಿಡಿ8 ಎಂಬ ಸಹಗ್ರಾಹಕ ಎಂಎಚ್‌ಸಿಯ ಬುಡವನ್ನು ಹಿಡಿದು ಆನಿಸಿಕೊಡುತ್ತದೆ, ಮತ್ತು ತರಬೇತಾದ ಕೊಲೆಗಾರ ಟಿ ಕೋಶಕ್ಕೆ ಇಂಥ ಬೆರಳೆಣಿಕೆಯ ಜೋಡಿಗಳು ಕಂಡರೂ ಸಾಕು. ಅದು ಪರ್ಫೊರಿನ್ ಮತ್ತು ಗ್ರ್ಯಾನ್‌ಜೈಮ್ ಎಂಬ ಅಣುಗಳನ್ನು ಸುರಿದು ಆ ಕೋಶವನ್ನು ಸಾವಿಗೆ ದೂಡುತ್ತದೆ. ಒಂದು ಕೋಶದ ಮೈಮೇಲೆ ಲಕ್ಷದ ಲೆಕ್ಕದಲ್ಲಿ ಎಂಎಚ್‌ಸಿ ಅಣುಗಳಿರಬಹುದು, ಅವುಗಳಲ್ಲಿ ಬಹುಪಾಲು ಹಿಡಿದಿರುವುದು ಕೋಶದ ಸ್ವಂತ ಪ್ರೋಟೀನ್‌ಗಳ ಚೂರುಗಳನ್ನೇ.

ಸ್ವಂತ ಚೂರುಗಳನ್ನು ನೋಡಿ ಟಿ ಕೋಶ ಕೆರಳದಿರುವುದಕ್ಕೆ ಕಾರಣ ಥೈಮಸ್ ಗ್ರಂಥಿಯಲ್ಲಿದೆ. ಟಿ ಕೋಶಗಳ ಗ್ರಾಹಕಗಳು ಜೀನ್ ತುಣುಕುಗಳನ್ನು ಕುರುಡಾಗಿ ಕಲಸಿ ಜೋಡಿಸುವುದರಿಂದ ಹುಟ್ಟುತ್ತವೆ. ಎಳೆಯ ಟಿ ಕೋಶವು ಥೈಮಸ್‌ನಲ್ಲಿ ದೇಹದ ಸ್ವಂತ ಪೆಪ್ಟೈಡ್‌ಗಳನ್ನು ಹೊತ್ತ ಎಂಎಚ್‌ಸಿಗಳನ್ನು ಎದುರಿಸಬೇಕು. ಅವುಗಳನ್ನು ಸ್ವಲ್ಪವೂ ಹಿಡಿಯಲಾರದ್ದು ಉಪಯೋಗಕ್ಕೆ ಬಾರದೆಂದೂ, ಬಿಗಿಯಾಗಿ ಹಿಡಿಯುವಂಥದ್ದು ಅಪಾಯಕಾರಿಯೆಂದೂ ಸಾಯುತ್ತದೆ. ಉಳಿದು ಹೊರಬಿದ್ದವುಗಳಿಗೆ ಸ್ವಂತ ಚೂರುಗಳು ಹೆಚ್ಚಾಗಿ ಕಣ್ಣಿಗೇ ಬೀಳುವುದಿಲ್ಲ. ಹೀಗೆ ವಿವೇಚನೆಯ ಕೆಲಸವನ್ನೆಲ್ಲ ಮೊದಲೇ ಮುಗಿಸಿಟ್ಟಿರುವುದರಿಂದ ತೋರಿಸುವ ಕೋಶ ನಿಶ್ಚಿಂತೆಯಿಂದ ಕುರುಡಾಗಿರಬಹುದು. ನಾಳೆ ಹೊಸದಾಗಿ ಹುಟ್ಟುವ ವೈರಸ್ಸಿಗೂ ಇದೇ ಏರ್ಪಾಡು ಸಾಲುತ್ತದೆ.

ಇಷ್ಟು ಹೇಳಿದ್ದು ಕೊಲ್ಲುವ ಟಿ ಕೋಶ ಈಗಾಗಲೇ ಸಿದ್ಧವಾಗಿ ಶ್ವಾಸನಾಳಕ್ಕೆ ಬಂದಿದೆ ಎಂದುಕೊಂಡು. ಮೊದಲ ಸೋಂಕಿನಲ್ಲಿ ಹಾಗಿರುವುದಿಲ್ಲ. ಒಂದು ನಿರ್ದಿಷ್ಟ ಪೆಪ್ಟೈಡನ್ನು ಹಿಡಿಯಬಲ್ಲ ಟಿ ಕೋಶ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತದೆ, ಮತ್ತು ಪಳಗದ ಆ ಕೋಶಗಳು ರಕ್ತ ಹಾಗೂ ದುಗ್ಧಗ್ರಂಥಿಗಳ ನಡುವೆ ಓಡಾಡಿಕೊಂಡಿರುತ್ತವೆಯೇ ಹೊರತು ಶ್ವಾಸನಾಳದತ್ತ ಸುಳಿಯುವುದಿಲ್ಲ. ಸೋಂಕಿನ ಜಾಗದಿಂದ ಸುದ್ದಿಯನ್ನು ದುಗ್ಧಗ್ರಂಥಿಗೆ ಹೊತ್ತು ತರುವವರು ಬೇಕು. ಆ ಕೆಲಸ ಡೆಂಡ್ರೈಟಿಕ್ ಕೋಶಗಳದು. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್‌ವಿಲ್ ಕೋನ್ ಇವುಗಳನ್ನು ವಿವರಿಸಿದಾಗ ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಸ್ಟೈನ್‌ಮನ್ ಅವರಿಗೆ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಸಮಿತಿಗೆ ಅದು ತಿಳಿದಿರಲಿಲ್ಲ.

ಕೊಂಬೆಗಳಂಥ ಚಾಚುಗಳುಳ್ಳ ಈ ಕೋಶಗಳು ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಕರುಳಿನಲ್ಲಿ ಕೂತು ಸುತ್ತಲಿನ ದ್ರವವನ್ನೂ ಸತ್ತ ಕೋಶಗಳ ಅವಶೇಷಗಳನ್ನೂ ಸದಾ ನುಂಗುತ್ತಿರುತ್ತವೆ. ನುಂಗಿದ್ದು ಹೋಗುವ ದಾರಿ ಬೇರೆ. ಅದು ಕೋಶರಸಕ್ಕೆ ಬೀಳದೆ, ಪೊರೆಯ ಚೀಲಗಳೊಳಗೇ ಉಳಿದು, ಆಮ್ಲೀಯವಾಗುತ್ತ ಹೋಗುವ ಲೈಸೋಸೋಮ್‌ಗಳ ಕಡೆಗೆ ಸಾಗುತ್ತದೆ. ಅಲ್ಲಿ ಕ್ಯಾಥೆಪ್ಸಿನ್‌ಗಳೆಂಬ ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಅಲ್ಲಿ ಚೂರನ್ನು ಎತ್ತಿಕೊಳ್ಳುವ ಅಣುವೂ ಬೇರೆ, ಎರಡನೆಯ ವರ್ಗದ ಎಂಎಚ್‌ಸಿ (ಈವರೆಗೆ ನೋಡಿದ್ದು ಮೊದಲ ವರ್ಗದ್ದು). ಡೆಂಡ್ರೈಟಿಕ್ ಕೋಶ, ಮ್ಯಾಕ್ರೋಫೇಜ್ ಮತ್ತು ಬಿ ಕೋಶಗಳಂಥ ಕೆಲವರಲ್ಲಿ ಮಾತ್ರ ಸದಾ ಇರುವ ಅಣು ಇದು. ಇದರ ತಗ್ಗಿನ ಕೊನೆಗಳು ತೆರೆದಿರುವುದರಿಂದ ಹದಿಮೂರರಿಂದ ಇಪ್ಪತ್ತೈದು ಅಮೈನೋ ಆಮ್ಲಗಳಷ್ಟು ಉದ್ದದ ಪೆಪ್ಟೈಡ್ ಎರಡೂ ಬದಿಗೆ ಚಾಚಿಕೊಂಡು ಕೂರಬಲ್ಲದು. ಇದನ್ನು ಓದುವುದು ಸಿಡಿ4 ಇರುವ ಸಹಾಯಕ ಟಿ ಕೋಶಗಳು.

ಈ ಎರಡನೆಯ ಅಣುವೂ ಹುಟ್ಟುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ, ಟ್ಯಾಪ್ ಪಂಪು ಪೆಪ್ಟೈಡ್‌ಗಳನ್ನು ತಂದು ಸುರಿಯುತ್ತಿರುವ ಅದೇ ಜಾಗದಲ್ಲಿ. ಅಲ್ಲಿನ ಪೆಪ್ಟೈಡ್‌ಗಳೇ ಅದರೊಳಗೆ ಕೂತುಬಿಟ್ಟರೆ ಹೊರಗಿನಿಂದ ನುಂಗಿದ್ದಕ್ಕೂ ಒಳಗೆ ತಯಾರಾದದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅದಕ್ಕೆಂದೇ ಇನ್‌ವೇರಿಯಂಟ್ ಸರಪಳಿ ಎಂಬ ಪ್ರೋಟೀನ್ ಹುಟ್ಟಿನಿಂದಲೇ ತಗ್ಗಿಗೆ ಬಿರಡೆ ಹಾಕಿ, ಅಣುವನ್ನು ಆಮ್ಲೀಯ ಚೀಲದವರೆಗೆ ಕೈಹಿಡಿದು ತಲುಪಿಸುತ್ತದೆ. ಅಲ್ಲಿನ ಕಿಣ್ವಗಳು ಬಿರಡೆಯನ್ನು ಕಡಿಯುತ್ತ ಬಂದು, ಕೊನೆಗೆ ಕ್ಲಿಪ್ ಎಂಬ ಸಣ್ಣ ತುಣುಕು ಮಾತ್ರ ತಗ್ಗಿನಲ್ಲಿ ಉಳಿಯುತ್ತದೆ. ಎಚ್‌ಎಲ್‌ಎ-ಡಿಎಂ ಎಂಬ ಇನ್ನೊಂದು ಅಣು ಎಂಎಚ್‌ಸಿಯನ್ನು ಅಲುಗಿಸಿ ಕ್ಲಿಪ್ಪನ್ನು ಕೆಡವುತ್ತದೆ. ಅಷ್ಟಕ್ಕೇ ಸುಮ್ಮನಾಗದೆ, ಆಮೇಲೆ ಬಂದು ಸಡಿಲವಾಗಿ ಕೂತ ಪೆಪ್ಟೈಡ್‌ಗಳನ್ನೂ ಕೆಡವುತ್ತ, ಗಟ್ಟಿಯಾಗಿ ಕಚ್ಚಿಕೊಂಡವು ಮಾತ್ರ ಉಳಿಯುವಂತೆ ಜರಡಿ ಹಿಡಿಯುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ತುಂಬ ಅಚ್ಚುಕಟ್ಟೆನಿಸುವ ಭಾಗ ಇದೇ. ಇದರ ಜೊತೆಗೆ ಡೆಂಡ್ರೈಟಿಕ್ ಕೋಶದ ಲೈಸೋಸೋಮ್‌ಗಳು ಮ್ಯಾಕ್ರೋಫೇಜ್‌ನವುಗಳಂತೆ ಆತುರದಿಂದ ಎಲ್ಲವನ್ನೂ ಅರಗಿಸಿಬಿಡುವುದಿಲ್ಲ. ನಿಧಾನವಾಗಿ ಕತ್ತರಿಸಿ, ತೋರಿಸಲು ಯೋಗ್ಯವಾದ ಉದ್ದದಲ್ಲಿ ಚೂರುಗಳನ್ನು ಉಳಿಸಿಕೊಳ್ಳುತ್ತವೆ.

ಇಲ್ಲಿ ಜಾಣ ಓದುಗರಿಗೆ ಒಂದು ಅನುಮಾನ ಬರಬೇಕು. ಒಳಗೆ ತಯಾರಾದ ಪ್ರೋಟೀನ್ ಮೊದಲ ವರ್ಗದ ಎಂಎಚ್‌ಸಿಗೆ, ನುಂಗಿದ್ದು ಎರಡನೆಯದಕ್ಕೆ ಎನ್ನುವುದಾದರೆ, ಡೆಂಡ್ರೈಟಿಕ್ ಕೋಶಕ್ಕೇ ಸೋಂಕು ತಗುಲದ ಹೊರತು ಅದು ಸಿಡಿ8 ಟಿ ಕೋಶವನ್ನು ಪಳಗಿಸುವುದು ಹೇಗೆ? ಎಲ್ಲ ವೈರಸ್‌ಗಳೂ ಡೆಂಡ್ರೈಟಿಕ್ ಕೋಶವನ್ನು ಹೊಗುವುದಿಲ್ಲವಲ್ಲ. ಇದಕ್ಕೆ ಉತ್ತರದ ಸುಳಿವು 1976ರಲ್ಲೇ ಮೈಕೆಲ್ ಬೆವನ್ ಅವರ ಪ್ರಯೋಗಗಳಲ್ಲಿ ಸಿಕ್ಕಿತ್ತು: ಇಲಿಗೆ ಚುಚ್ಚಿದ ಬೇರೆ ಕೋಶಗಳ ಪ್ರತಿಜನಕಗಳನ್ನು (ರೋಗನಿರೋಧಕ ವ್ಯವಸ್ಥೆ ಗುರುತಿಸಬಲ್ಲ ಅಣುಗಳನ್ನು) ಇಲಿಯ ಸ್ವಂತ ಕೋಶಗಳು ಎತ್ತಿಕೊಂಡು, ಕೊಲ್ಲುವ ಟಿ ಕೋಶಗಳಿಗೆ ತೋರಿಸಿದ್ದವು. ಒಂದು ದಾರಿಯ ಸರಕು ಇನ್ನೊಂದು ದಾರಿಗೆ ಹಾಯುವ ಇದನ್ನು ಅಡ್ಡದಾರಿಯ ಪ್ರದರ್ಶನ ಎನ್ನಬಹುದು. ಡೆಂಡ್ರೈಟಿಕ್ ಕೋಶಗಳಲ್ಲೇ ಸಿಡಿಸಿ1 ಎಂಬ ಒಂದು ಪಂಗಡ ಇದರಲ್ಲಿ ವಿಶೇಷವಾಗಿ ನುರಿತದ್ದು. ನುಂಗಿದ ಪ್ರೋಟೀನ್ ಚೀಲದಿಂದ ಕೋಶರಸಕ್ಕೆ ಸೋರಿ ಪ್ರೋಟಿಯೇಸೋಮ್‌ನ ಬಾಯಿಗೆ ಬೀಳುವುದು ಒಂದು ಬಗೆ. ಚೀಲದೊಳಗೇ ಕತ್ತರಿಸಲ್ಪಟ್ಟು ಮೊದಲ ವರ್ಗದ ಎಂಎಚ್‌ಸಿಗೆ ಸೇರುವುದು ಇನ್ನೊಂದು.

ಚೂರನ್ನು ತೋರಿಸಿದ ಮಾತ್ರಕ್ಕೆ ಪಳಗದ ಟಿ ಕೋಶ ಎದ್ದು ಹೊರಡುವುದಿಲ್ಲ. ಡೆಂಡ್ರೈಟಿಕ್ ಕೋಶವು ವೈರಸ್‌ನ ಆರ್‌ಎನ್‌ಎಯಂಥ ಅಪಾಯದ ಕುರುಹುಗಳನ್ನು ತನ್ನ ಬೇರೆ ಗ್ರಾಹಕಗಳಿಂದ ಮೊದಲೇ ಗ್ರಹಿಸಿರಬೇಕು. ಗ್ರಹಿಸಿದ್ದೇ ತಡ, ಅದು ನುಂಗುವುದನ್ನು ಕಡಿಮೆ ಮಾಡಿ, ಅದುವರೆಗೆ ಒಳಗೇ ಇಟ್ಟುಕೊಂಡಿದ್ದ ಎಂಎಚ್‌ಸಿಗಳನ್ನು ಹೊರಮೈಗೆ ತಂದು, ಸಿಡಿ80 ಮತ್ತು ಸಿಡಿ86 ಎಂಬ ಅಣುಗಳನ್ನು ಮೈಮೇಲೆ ಹೆಚ್ಚಿಸಿಕೊಂಡು, ದುಗ್ಧನಾಳದ ಮೂಲಕ ಗ್ರಂಥಿಯತ್ತ ಪಯಣಿಸುತ್ತದೆ. ಎರಡನೆಯ ವರ್ಗದ ಎಂಎಚ್‌ಸಿಗಳನ್ನು ಹಿಂದಕ್ಕೆ ಎಳೆದುಕೊಂಡು ಬದಲಿಸುವ ನಿತ್ಯದ ವ್ಯವಹಾರವೂ ನಿಂತುಹೋಗುವುದರಿಂದ, ಸೋಂಕಿನ ಜಾಗದಲ್ಲಿ ನುಂಗಿದ್ದರ ಚೂರುಗಳೇ ದಿನಗಟ್ಟಲೆ ಅದರ ಮೈಮೇಲೆ ಉಳಿದಿರುತ್ತವೆ. ದುಗ್ಧಗ್ರಂಥಿಯಲ್ಲಿ ಗಂಟೆಗೆ ನೂರಾರು ಟಿ ಕೋಶಗಳು ಒಂದೊಂದು ಡೆಂಡ್ರೈಟಿಕ್ ಕೋಶವನ್ನೂ ತಡವಿ ಮುಂದೆ ಹೋಗುತ್ತವೆ. ಹೊಂದುವ ಪೆಪ್ಟೈಡ್ ಸಿಕ್ಕ ಟಿ ಕೋಶ ನಿಲ್ಲುತ್ತದೆ. ಸಿಡಿ80, ಸಿಡಿ86ಗಳು ಅದರ ಮೈಮೇಲಿನ ಸಿಡಿ28 ಎಂಬ ಗ್ರಾಹಕವನ್ನು ಮುಟ್ಟಿ ಎರಡನೆಯ ಒಪ್ಪಿಗೆಯನ್ನು ಕೊಡುತ್ತವೆ, ಸುತ್ತಲಿನ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳು ಮೂರನೆಯದನ್ನು. ಎರಡನೆಯ ಒಪ್ಪಿಗೆಯಿಲ್ಲದೆ ಚೂರು ಮಾತ್ರ ಕಂಡರೆ ಟಿ ಕೋಶ ಸುಮ್ಮನಾಗುತ್ತದೆ ಅಥವಾ ಸಾಯುತ್ತದೆ. ಥೈಮಸ್‌ನ ಪರೀಕ್ಷೆಯಲ್ಲಿ ನುಸುಳಿಬಂದವುಗಳಿಗೆ ಇದು ಮರುಪರೀಕ್ಷೆ. ಮೂರೂ ಸಿಕ್ಕಿದ ಕೋಶ ಒಂದೇ ವಾರದಲ್ಲಿ ಸಾವಿರಾರು ಪಟ್ಟು ಹೆಚ್ಚಬಲ್ಲದು. ಮೊದಲ ಸಲದ ಫ್ಲೂ ವಾಸಿಯಾಗಲು ಅಷ್ಟು ದಿನ ಹಿಡಿಯುವುದಕ್ಕೆ ಈ ಓಡಾಟ ಮತ್ತು ವೃದ್ಧಿಗೆ ಬೇಕಾಗುವ ಸಮಯವೂ ಒಂದು ಕಾರಣ.

ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಅದು ತನ್ನ ಗ್ರಾಹಕಕ್ಕೆ ಅಂಟಿದ ವೈರಸ್ ಪ್ರೋಟೀನನ್ನು ನುಂಗಿ, ಅದರ ಚೂರನ್ನು ಎರಡನೆಯ ವರ್ಗದ ಎಂಎಚ್‌ಸಿಯಲ್ಲಿಟ್ಟು, ಅದೇ ಚೂರಿಗೆ ಪಳಗಿದ ಸಹಾಯಕ ಟಿ ಕೋಶದ ಮುಂದೆ ಹಿಡಿಯುತ್ತದೆ. ಒಳ್ಳೆಯ ಪ್ರತಿಕಾಯ ತಯಾರಾಗಲು ಟಿ ಕೋಶದ ನೆರವು ಬೇಕೆನ್ನುವುದರ ಅರ್ಥ ಇದು.

ಇಷ್ಟೊಂದು ಮೆಟ್ಟಿಲುಗಳಿರುವ ದಾರಿಯಲ್ಲಿ ವೈರಸ್‌ಗಳು ಅಡ್ಡಗಾಲು ಹಾಕದಿದ್ದರೆ ಆಶ್ಚರ್ಯವಾಗಬೇಕಿತ್ತು. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಐಸಿಪಿ47 ಎಂಬ ಪುಟ್ಟ ಪ್ರೋಟೀನ್ ಟ್ಯಾಪ್ ಪಂಪಿನ ಕೋಶರಸದ ಕಡೆಯ ಬಾಯಿಗೆ ಸಿಕ್ಕಿಕೊಂಡು ಪೆಪ್ಟೈಡ್‌ಗಳ ದಾರಿಯನ್ನು ಮುಚ್ಚುತ್ತದೆ. ಮನುಷ್ಯರ ಸೈಟೊಮೆಗಾಲೊ ವೈರಸ್ ಒಂದು ಉಪಾಯಕ್ಕೆ ತೃಪ್ತಿಪಡದೆ ಹಲವನ್ನು ಇಟ್ಟುಕೊಂಡಿದೆ. ಅದರ ಯುಎಸ್6 ಅದೇ ಪಂಪನ್ನು ಒಳಗಡೆಯಿಂದ ಕೆಡಿಸುತ್ತದೆ, ಯುಎಸ್3 ಎಂಎಚ್‌ಸಿಯನ್ನು ಒಳಗೇ ತಡೆಹಿಡಿಯುತ್ತದೆ. ಯುಎಸ್2 ಮತ್ತು ಯುಎಸ್11 ಆಗತಾನೆ ಹುಟ್ಟಿದ ಎಂಎಚ್‌ಸಿ ಅಣುವನ್ನೇ ಕೋಶರಸಕ್ಕೆ ಎಳೆದು ಪ್ರೋಟಿಯೇಸೋಮ್‌ಗೆ ಉಣಿಸುತ್ತವೆ. ವೈರಸ್ಸನ್ನು ಚೂರು ಮಾಡಬೇಕಿದ್ದ ಯಂತ್ರ ಚೂರನ್ನು ತೋರಿಸುವ ಅಣುವನ್ನೇ ನುಂಗುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎಪ್‌ಸ್ಟೀನ್-ಬಾರ್ ವೈರಸ್‌ನದು ಇನ್ನೂ ಮೌನವಾದ ಉಪಾಯ. ಅದರ ಇಬಿಎನ್‌ಎ1 ಪ್ರೋಟೀನಿನ ನಡುವೆ ಗ್ಲೈಸೀನ್ ಮತ್ತು ಅಲನೀನ್‌ಗಳು ಮಾತ್ರ ಮತ್ತೆ ಮತ್ತೆ ಬರುವ ಉದ್ದನೆಯ ಪಟ್ಟಿಯೊಂದಿದ್ದು, ಅದು ಪ್ರೋಟೀನ್ ತಯಾರಾಗುವುದನ್ನೂ ಒಡೆಯುವುದನ್ನೂ ನಿಧಾನಿಸಿ ಚೂರುಗಳೇ ಹೆಚ್ಚು ಹುಟ್ಟದಂತೆ ಮಾಡುತ್ತದೆ.

ಎಂಎಚ್‌ಸಿಯನ್ನೇ ಕಿತ್ತೊಗೆದರೆ ಟಿ ಕೋಶ ಕುರುಡಾಗುತ್ತದೆ ನಿಜ, ಆದರೆ ಖಾಲಿ ಗೋಡೆಯನ್ನೇ ಅನುಮಾನದಿಂದ ನೋಡುವ ಕಾವಲುಗಾರರೂ ಇದ್ದಾರೆ. ಸಹಜ ಕೊಲೆಗಾರ ಕೋಶಗಳೆಂದು ಹೆಸರಾದ ಎನ್‌ಕೆ ಕೋಶಗಳು ಎಂಎಚ್‌ಸಿ ಕಾಣಿಸದ ಕೋಶಗಳನ್ನು ಕೊಲ್ಲುತ್ತವೆಂದು 1986ರಲ್ಲಿ ಕ್ಲಾಸ್ ಕಾರೆ ಮತ್ತು ಸಹೋದ್ಯೋಗಿಗಳು ತೋರಿಸಿದರು. ಇದಕ್ಕೂ ವೈರಸ್‌ಗಳಲ್ಲಿ ಮರುಉತ್ತರವಿದೆ. ಎಚ್‌ಐವಿಯ ನೆಫ್ ಪ್ರೋಟೀನ್ ಎಚ್‌ಎಲ್‌ಎ-ಎ ಮತ್ತು ಬಿಗಳನ್ನು ಹೊರಮೈಯಿಂದ ಇಳಿಸುತ್ತದೆ. ಎನ್‌ಕೆ ಕೋಶಗಳನ್ನು ಸುಮ್ಮನಿರಿಸುವ ಎಚ್‌ಎಲ್‌ಎ-ಇಯನ್ನು ಮುಟ್ಟದೆ ಬಿಡುತ್ತದೆ. ಸೈಟೊಮೆಗಾಲೊ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಎಚ್‌ಎಲ್‌ಎ-ಇ ಎಂಬ ಅಣು ಸಾಮಾನ್ಯವಾಗಿ ಹೊತ್ತು ತೋರಿಸುವುದು ಬೇರೆ ಎಚ್‌ಎಲ್‌ಎಗಳು ಸರಿಯಾಗಿ ತಯಾರಾಗುತ್ತಿವೆ ಎಂಬುದಕ್ಕೆ ಸಾಕ್ಷಿಯಾದ ಒಂದು ಪೆಪ್ಟೈಡನ್ನು. ವೈರಸ್‌ನ ಯುಎಲ್40 ಪ್ರೋಟೀನ್ ಅದೇ ಪೆಪ್ಟೈಡಿನ ನಕಲನ್ನು, ಅದೂ ತಾನೇ ಕೆಡಿಸಿಟ್ಟ ಟ್ಯಾಪ್ ಪಂಪಿನ ಹಂಗಿಲ್ಲದೆ, ಒದಗಿಸುತ್ತದೆ. ಮನೆ ಲೂಟಿಯಾಗಿದ್ದರೂ ಬಾಗಿಲಲ್ಲಿ ಎಲ್ಲ ಕ್ಷೇಮ ಎಂಬ ಚೀಟಿ ತೂಗುತ್ತಿರುತ್ತದೆ.

ಇಂಥ ಎದುರಾಳಿಗಳ ಮುಂದೆ ಎಲ್ಲರ ಎಂಎಚ್‌ಸಿಯೂ ಒಂದೇ ಆಗಿದ್ದಿದ್ದರೆ ಪರಿಸ್ಥಿತಿ ಕೆಡುತ್ತಿತ್ತು. ಮನುಷ್ಯರ ಜೀನ್‌ಗಳಲ್ಲೇ ಅತಿ ಹೆಚ್ಚು ವೈವಿಧ್ಯವಿರುವುದು ಆರನೆಯ ವರ್ಣತಂತುವಿನ ಎಚ್‌ಎಲ್‌ಎ ಜೀನ್‌ಗಳಲ್ಲಿ. ಈವರೆಗೆ ದಾಖಲಾಗಿರುವ ರೂಪಗಳು 30,000ಕ್ಕೂ ಹೆಚ್ಚು. ವೈವಿಧ್ಯ ಹೆಚ್ಚಾಗಿ ಕಾಣುವುದು ತಗ್ಗಿನ ಗುಳಿಗಳ ಸುತ್ತಮುತ್ತ, ಅಂದರೆ ಯಾವ ಗೂಟ ಕೂರಬಹುದೆಂದು ತೀರ್ಮಾನಿಸುವ ಜಾಗದಲ್ಲೇ. ತಂದೆ ತಾಯಿ ಇಬ್ಬರಿಂದಲೂ ಬೇರೆಬೇರೆ ರೂಪಗಳು ಬಂದಿದ್ದರೆ ಒಬ್ಬರಲ್ಲಿ ಮೊದಲ ವರ್ಗದ ಪ್ರಮುಖ ಅಣುಗಳು ಆರು ಬಗೆಯವು ಇರುತ್ತವೆ. ಒಂದೇ ವೈರಸ್‌ನ ಬೇರೆಬೇರೆ ಚೂರುಗಳು ಬೇರೆಬೇರೆ ಜನರ ಗೋಡೆಗಳ ಮೇಲೆ ಕಾಣುತ್ತವೆ. ಎಚ್‌ಎಲ್‌ಎ-ಬಿ57 ಇರುವವರಲ್ಲಿ ಎಚ್‌ಐವಿ ಸೋಂಕು ಸರಾಸರಿಯಾಗಿ ನಿಧಾನವಾಗಿ ಮುಂದುವರಿಯುವುದಕ್ಕೆ ಒಂದು ಮುಖ್ಯ ಕಾರಣ, ಆ ಅಣು ವೈರಸ್‌ನ ಕವಚದ ಪ್ರೋಟೀನ್‌ನಿಂದ ಆರಿಸಿ ತೋರಿಸುವ ಚೂರುಗಳು. ಆ ಭಾಗವನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳಲು ಹೊರಟರೆ ವೈರಸ್‌ನ ಕವಚವೇ ದುರ್ಬಲವಾಗುತ್ತದೆ. ಇದೇ ವೈವಿಧ್ಯದ ಇನ್ನೊಂದು ಮುಖ, ಕಸಿಗೆ ಹೊಂದುವ ದಾನಿ ಸಿಗುವುದು ಅಷ್ಟು ಕಷ್ಟವಾಗಿರುವುದು.

ಎರಡು ದಾರಿಗಳ ವ್ಯತ್ಯಾಸ ತಿಳಿದವರಿಗೆ ಲಸಿಕೆಗಳ ನಡುವಿನ ವ್ಯತ್ಯಾಸವೂ ಅರ್ಥವಾಗುತ್ತದೆ. ಕೊಂದ ವೈರಸ್‌ನ ಲಸಿಕೆ ಬಹುಮಟ್ಟಿಗೆ ನುಂಗುವ ದಾರಿಯಲ್ಲೇ ಸಾಗುವುದರಿಂದ ಸಹಾಯಕ ಟಿ ಕೋಶಗಳನ್ನೂ ಪ್ರತಿಕಾಯಗಳನ್ನೂ ಚೆನ್ನಾಗಿ ಎಬ್ಬಿಸುತ್ತದೆ, ಕೊಲ್ಲುವ ಟಿ ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಬಲಗುಂದಿಸಿದ ಜೀವಂತ ವೈರಸ್ ಕೋಶದೊಳಗೇ ಪ್ರೋಟೀನ್ ತಯಾರಿಸುವುದರಿಂದ ಎರಡೂ ದಾರಿಗಳು ತೆರೆದುಕೊಳ್ಳುತ್ತವೆ. ಎಂಆರ್‌ಎನ್‌ಎ ಲಸಿಕೆಯಲ್ಲಿ ವೈರಸ್ಸೇ ಇಲ್ಲದಿದ್ದರೂ, ಅದರ ಒಂದು ಪ್ರೋಟೀನನ್ನು ದೇಹದ ಕೋಶದ ರೈಬೋಸೋಮ್‌ಗಳೇ ಹೆಣೆಯುವುದರಿಂದ ಮೊದಲ ವರ್ಗದ ದಾರಿಗೂ ಚೂರುಗಳು ಸಿಗುತ್ತವೆ.

ಕೊನೆಯದಾಗಿ ಒಂದು ಮಿತಿಯನ್ನು ಹೇಳಬೇಕು. ಗೋಡೆಯ ಮೇಲೆ ಚೂರು ಕಾಣಬೇಕಾದರೆ ವೈರಸ್ ಮೊದಲು ಒಳಗೆ ಹೊಕ್ಕಿರಬೇಕು. ಆದ್ದರಿಂದ ಟಿ ಕೋಶಗಳು ಸೋಂಕು ತಗುಲುವುದನ್ನು ತಪ್ಪಿಸಲಾರವು, ತಗುಲಿದ ಮೇಲೆ ಹತ್ತಿಕ್ಕಬಲ್ಲವು. 1983ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆಂಡ್ರ್ಯೂ ಮೆಕ್‌ಮೈಕೆಲ್ ಮತ್ತು ಸಂಗಡಿಗರು 63 ಸ್ವಯಂಸೇವಕರ ಮೂಗಿಗೆ ಜೀವಂತ ಇನ್‌ಫ್ಲುಯೆಂಜಾ ವೈರಸ್ ಹಾಕಿ ಗಮನಿಸಿದರು. ಫ್ಲೂ ವಿರುದ್ಧ ಕೊಲ್ಲುವ ಟಿ ಕೋಶಗಳ ನೆನಪು ಗಟ್ಟಿಯಾಗಿದ್ದವರು, ಆ ತಳಿಯ ವಿರುದ್ಧ ಪ್ರತಿಕಾಯ ಇಲ್ಲದಿದ್ದಾಗಲೂ, ವೈರಸ್ಸನ್ನು ಬೇಗ ಕಳೆದುಕೊಂಡರು. ಫ್ಲೂ ವೈರಸ್‌ನ ಹೊರಮೈಯ ಪ್ರೋಟೀನ್‌ಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುತ್ತವೆ. ಎಂ1 ಪ್ರೋಟೀನ್‌ನ ಆ ಒಂಬತ್ತು ಅಮೈನೋ ಆಮ್ಲಗಳು ಮಾತ್ರ ಇನ್‌ಫ್ಲುಯೆಂಜಾ ಎ ವೈರಸ್‌ನ ತಳಿಯಿಂದ ತಳಿಗೆ ಹೆಚ್ಚುಕಡಿಮೆ ಹಾಗೆಯೇ ಉಳಿದುಕೊಂಡು ಬಂದಿವೆ.